ಕಿಟಕಿ ಮೇಲಿನ ಲೋಟ

ಕೋಲಾರದಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ, "ನಮ್ಮನೇಲಿ ಅಂಥದ್ದೆಲ್ಲ ಏನೂ ಇಲ್ಲ ಮೇಡಂ" ಅನ್ನುವ ಮಾತನ್ನು ಹಾಗೇ ನಂಬುತ್ತಿದ್ದೆ. ಈಗಲೂ ಅದನ್ನು ಸುಳ್ಳು ಅನ್ನುವುದಿಲ್ಲ. ಹೇಳುವವರು ನಿಜವಾಗಿಯೂ ಹಾಗೇ ಅಂದುಕೊಂಡಿರುತ್ತಾರೆ.

ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಶಾಲೆಯಲ್ಲಿ ಊಟದ ಹೊತ್ತಿಗೆ ಪಕ್ಕದ ಹುಡುಗಿ ಇವಳ ನೀರಿನ ಬಾಟಲಿ ಮುಟ್ಟಿದಳಂತೆ. ಇವಳು ಬಾಟಲಿ ಕಿತ್ತುಕೊಂಡು, "ನೀನು ಬೇರೆ ಲೋಟದಲ್ಲಿ ಕುಡೀಬೇಕು" ಅಂದಳಂತೆ. ಟೀಚರ್ ತಾಯಿಯನ್ನು ಕರೆಸಿದ್ದರು. "ನಾವು ಮನೇಲಿ ಜಾತಿ ಮಾತೇ ಆಡಲ್ಲ ಮೇಡಂ, ಇದನ್ನ ಎಲ್ಲಿ ಕಲಿತಳೋ" ಎಂದು ಆಕೆ ಅತ್ತೇಬಿಟ್ಟರು.

ಮಗುವನ್ನೇ ಕೇಳಿದೆ. ಅದು ಸಲೀಸಾಗಿ ಹೇಳಿತು: "ಕೆಲಸದ ಆಂಟಿಗೆ ಕಿಟಕಿ ಮೇಲೆ ಲೋಟ ಇದೆಯಲ್ಲ." ಯಾಕೆ ಅಲ್ಲಿದೆ? "ಅದು ಅವರದ್ದು. ಬೇರೆ." ಯಾಕೆ ಬೇರೆ? ಮಗು ಭುಜ ಹಾರಿಸಿತು. ಬೇರೆ ಅಂದರೆ ಬೇರೆ, ಅಷ್ಟೇ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮತ್ತೆ ಕಾಲದಿಂದ ಇದೆ. ನಾನು ಗಮನಿಸಿಯೇ ಇರಲಿಲ್ಲ" ಅಂದರು.

ಪೂರ್ವಗ್ರಹ ಅಂದರೆ ಬಾಯಲ್ಲಿ ಬರುವ ಬೈಗುಳ ಅಂದುಕೊಂಡಿದ್ದೇವೆ. ನನ್ನ ಅನುಭವದಲ್ಲಿ ಅದು ಮನೆಯ ಸಾಮಾನಿನಲ್ಲೇ ಜಾಸ್ತಿ ಇರುತ್ತದೆ. ಯಾರ ಲೋಟ ಎಲ್ಲಿ, ಯಾರು ಯಾವ ಬಾಗಿಲಲ್ಲಿ ಬರುತ್ತಾರೆ, ಯಾರಿಗೆ ಕುರ್ಚಿ, ಯಾರಿಗೆ ಮೆಟ್ಟಿಲು. ಮಕ್ಕಳು ನಮ್ಮ ಮಾತು ಕೇಳುತ್ತಾರೋ ಇಲ್ಲವೋ, ಇದನ್ನಂತೂ ನೋಡುತ್ತಾರೆ.

ಮನಸ್ಸು ಹೀಗೇಕೆ ಮಾಡುತ್ತದೆ? ನಮ್ಮ ಎಪಿಎಂಸಿಯ ಟೊಮೆಟೊ ಹರಾಜು ನೋಡಿದವರಿಗೆ ಅರ್ಥವಾಗುತ್ತದೆ. ಸಾಲಾಗಿ ಬಾಕ್ಸ್ ಜೋಡಿಸಿರುತ್ತಾರೆ, ಒಂದೊಂದರಲ್ಲಿ ಸುಮಾರು 15 ಕೆ.ಜಿ. ಹಣ್ಣು. ವ್ಯಾಪಾರಿ ಮೇಲಿನ ಸಾಲು ನೋಡಿ ಬೆಲೆ ಕೂಗುತ್ತಾನೆ. ಪ್ರತಿ ಬಾಕ್ಸನ್ನೂ ಸುರಿದು ನೋಡುತ್ತ ಕೂತರೆ ಹರಾಜು ಮುಗಿಯುವುದೇ ಇಲ್ಲ. ಮನಸ್ಸಿನ ಕೆಲಸವೂ ಅಷ್ಟೇ. ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಹೊಸದಾಗಿ ಅಳೆಯುವಷ್ಟು ಪುರುಸೊತ್ತು ಅದಕ್ಕಿಲ್ಲ. ಹೆಸರು, ಮಾತಿನ ಧಾಟಿ, ಬಟ್ಟೆ ನೋಡಿ ಗುಂಪು ಗುರುತಿಸಿ ಬೆಲೆ ಕಟ್ಟುತ್ತದೆ. ಒಂದೇ ವ್ಯತ್ಯಾಸ. ಲೆಕ್ಕ ತಪ್ಪಿದರೆ ಮಂಡಿಯಲ್ಲಿ ವ್ಯಾಪಾರಿಯ ಕೈ ಸುಡುತ್ತದೆ, ಮರುದಿನ ಹುಷಾರಾಗುತ್ತಾನೆ. ಮನುಷ್ಯರ ವಿಷಯದಲ್ಲಿ ಬೆಲೆ ತಪ್ಪಾಗಿ ಕಟ್ಟಿದವರಿಗೆ ಏನೂ ಆಗುವುದಿಲ್ಲ. ನಷ್ಟವೆಲ್ಲ ಎದುರಿನವರದ್ದು. ಹಾಗಿರುವಾಗ ತಿದ್ದಿಕೊಳ್ಳುವ ಅವಸರ ಯಾರಿಗಿದೆ?

ಇದರ ಜೊತೆಗೆ 'ನಮ್ಮವರು' ಅನ್ನುವ ಸೆಳೆತ ಬೇರೆ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಅವರು ಪೋಲೆಂಡಿನ ಯಹೂದಿ, ನಾಜಿಗಳ ಕಾಲದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವರು. ಯಾವ ಚಿತ್ರಕಾರನ ಚಿತ್ರ ನಿಮಗೆ ಇಷ್ಟ ಎಂದು ಹುಡುಗರನ್ನು ಕೇಳಿ, ಉತ್ತರದ ಪ್ರಕಾರ ಎರಡು ಗುಂಪು ಮಾಡಿದ್ದೇವೆ ಅಂದರು. ನಿಜಕ್ಕೂ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ. ಆಮೇಲೆ ಬೇರೆಯವರಿಗೆ ಹಣ ಹಂಚಲು ಹೇಳಿದರು. ಗುಂಪಿನಲ್ಲಿ ಯಾರಿದ್ದಾರೆಂದೇ ಹುಡುಗರಿಗೆ ಗೊತ್ತಿಲ್ಲ, ಜಗಳವಿಲ್ಲ, ಹಳೇ ದ್ವೇಷವಿಲ್ಲ. ಆದರೂ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಎಷ್ಟೋ ಸಲ ತಮ್ಮವರಿಗೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಆ ಕಡೆಯವರಿಗಿಂತ ಮೇಲಿರಲಿ ಎಂದು ಲೆಕ್ಕ ಹಾಕಿದರು. ಚಿತ್ರದ ನೆಪಕ್ಕೇ ಹೀಗಾದರೆ, ನೂರಾರು ವರ್ಷದ ಜಾತಿ, ಧರ್ಮದ ಗುಂಪುಗಳ ಮಾತೇನು?

ನಮ್ಮ ಜಿಲ್ಲೆಯವರಿಗೆ ಇದರ ಎರಡು ತುದಿಯೂ ಗೊತ್ತು. ಇಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಿದ್ದ. ಆಫೀಸಿನಲ್ಲಿ ಅವನ ಕನ್ನಡದ ಧಾಟಿ ಕೇಳಿ "ಏನಪ್ಪಾ, ಆಂಧ್ರದವನಾ?" ಎಂದು ಆಡಿಕೊಳ್ಳುತ್ತಿದ್ದರಂತೆ. ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದ. ಪಾಪ ಅನಿಸಿತು. ಮುಂದಿನ ವಾರ ಅದೇ ಹುಡುಗ, "ನರಸಾಪುರದ ಫ್ಯಾಕ್ಟರಿಗೆ ಬಂದಿದ್ದಾರಲ್ಲ ಹಿಂದಿಯವರು, ಅವರಿಗೆ ಮನೆ ಬಾಡಿಗೆಗೆ ಕೊಡಬೇಡಿ ಅಂತ ಅಪ್ಪನಿಗೆ ಹೇಳಿದೀನಿ ಮೇಡಂ, ನಂಬೋಕಾಗಲ್ಲ" ಅಂದ. ಎಷ್ಟು ಜನ ಗೊತ್ತು ಅಂದೆ. ಒಬ್ಬ ಗೊತ್ತು. "ಅವನು ಒಳ್ಳೆಯವನೇ, ಅವನ ವಿಷಯ ಬೇರೆ."

'ಅವನ ವಿಷಯ ಬೇರೆ.' ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನಮ್ಮ ನಂಬಿಕೆಗೆ ಹೊಂದದ ಮನುಷ್ಯ ಸಿಕ್ಕಿದರೆ ನಂಬಿಕೆ ಬಿಡುವುದಿಲ್ಲ. ಅವನೊಬ್ಬನಿಗೆ ಬೇಲಿ ಸರಿಸಿ, ಮತ್ತೆ ಬೇಲಿ ಮುಚ್ಚುತ್ತೇವೆ.

ಇದರಿಂದ ಆಗುವ ನಷ್ಟ ಕೆಲವು ಕಡೆ ಕಣ್ಣಿಗೆ ಹೊಡೆಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಸುದ್ದಿ ದೇಶವೆಲ್ಲ ಓದಿತು. ದಲಿತ ಹುಡುಗ ಗುಜ್ಜುಕೋಲು, ಅಂದರೆ ದೇವರ ಮೂರ್ತಿಗೆ ಸೇರಿದ ಕೋಲು, ಮುಟ್ಟಿದ ಎಂದು ಮನೆಯವರಿಗೆ 60 ಸಾವಿರ ರೂಪಾಯಿ ದಂಡ. ಕೇಸಾಯಿತು, ಅಧಿಕಾರಿಗಳು ಬಂದರು. ಇಂಥದ್ದಕ್ಕೆ ಕಾನೂನಾದರೂ ಇದೆ.

ನನ್ನ ಕುರ್ಚಿಯ ಎದುರು ಬಂದು ಕೂರುವ ನಷ್ಟ ಬೇರೆ ಥರದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿ ಹುಡುಗರಿಗೆ ದಾರಿ ಹುಡುಕುವ ಒಗಟಿನ ಹಾಳೆಗಳನ್ನು ಕೊಟ್ಟು ಬಿಡಿಸಲು ಹೇಳಿದರು. ಜಾತಿ ಎತ್ತದೆ ಇದ್ದಾಗ ಮೇಲ್ಜಾತಿ, ಕೆಳಜಾತಿ ಅನ್ನುವ ವ್ಯತ್ಯಾಸವೇ ಕಾಣಲಿಲ್ಲ. ಎಲ್ಲರೆದುರು ಹೆಸರಿನ ಜೊತೆ ಜಾತಿ ಓದಿ ಹೇಳಿದ ಮೇಲೆ ಕೆಳಜಾತಿ ಹುಡುಗರು ಬಿಡಿಸಿದ ಒಗಟುಗಳು ಕಮ್ಮಿಯಾದವು. ಬುದ್ಧಿ ಅದೇ, ಹಾಳೆ ಅದೇ. ಯಾರೂ ಬೈದಿರಲೂ ಇಲ್ಲ. ಹಾಜರಿ ಕರೆಯುವಾಗ, ಸ್ಕಾಲರ್‌ಶಿಪ್ ಫಾರಂ ತುಂಬಿಸುವಾಗ "ಎಸ್‌ಸಿ ಮಕ್ಕಳೆಲ್ಲ ಎದ್ದು ನಿಲ್ಲಿ" ಅನ್ನುವ ಮೇಷ್ಟ್ರುಗಳಿಗೆ ನಾನು ಇದನ್ನು ಹೋದಲ್ಲೆಲ್ಲ ಹೇಳುತ್ತೇನೆ. ಹೆಚ್ಚಿನವರು ಕೆಟ್ಟವರಲ್ಲ. ಅವರಿಗೆ ಅದು ಆಫೀಸು ಕೆಲಸ.

ಹಾಗಾದರೆ ಪರಿಹಾರ? ಭಾಷಣದಲ್ಲಿ ನನಗೆ ನಂಬಿಕೆ ಕಮ್ಮಿ. ಸುಮ್ನೆ ಒಟ್ಟಿಗೆ ಕೂರಿಸುವುದೂ ಸಾಲದು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲೇ ಬೇರೆ ಬೇರೆ ಜಾತಿಯ ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗ್ ಆಡಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ತಂಡದಲ್ಲಿ ಬೇರೆ ಜಾತಿಯವರ ಜೊತೆ ಆಡಿದವರಿಗೆ ಆ ಜಾತಿಗಳಲ್ಲಿ ಗೆಳೆಯರು ಹೆಚ್ಚಾದರು. ಎದುರಾಳಿಗಳಾಗಿ ಮಾತ್ರ ಸಿಕ್ಕಿದ ಕಡೆ ಗೆಳೆತನ ಇನ್ನೂ ಕಮ್ಮಿಯಾಯಿತು. ಗೆದ್ದರೆ ಇಬ್ಬರೂ ಗೆಲ್ಲಬೇಕು, ಇಬ್ಬರೂ ಸಮ ಇರಬೇಕು. ಮಾಲೀಕ ಮತ್ತು ಆಳು ದಿನಾ ಒಟ್ಟಿಗೇ ಇರುತ್ತಾರಲ್ಲ, ಅದರಿಂದ ಏನಾಯಿತು ಹೇಳಿ?

ಆ ತಾಯಿ ಎರಡು ತಿಂಗಳ ನಂತರ ಮತ್ತೆ ಬಂದಿದ್ದರು. ಕಿಟಕಿಯ ಲೋಟ ತೆಗೆದು ಒಳಗಿನ ಲೋಟದಲ್ಲೇ ಕಾಫಿ ಕೊಟ್ಟರಂತೆ. ಕೆಲಸದಾಕೆ ಕುಡಿದು, ತೊಳೆದು, ತಾನೇ ಹೋಗಿ ಕಿಟಕಿ ಮೇಲೆ ಬೋರಲು ಹಾಕಿದಳಂತೆ. "ಏನು ಮಾಡಲಿ ಮೇಡಂ?"

"ನೀವೂ ಅವರ ಜೊತೆ ಕೂತು ಕುಡಿಯಿರಿ" ಅಂದೆ.

"ಅತ್ತೆ ಇರ್ತಾರಲ್ಲ" ಅಂದರು.