ಹಳೇ ಗೊಂಬೆ, ಯಾರದೋ ಟೋಪಿ

ಟಿವಿಯೊಳಗೆ ಮೀನು ಟೋಪಿ ಹಾಕಿಕೊಂಡೇ ಬಂತು. ನಾವು ಹಾಕಿದ ಟೋಪಿಯಲ್ಲ ಅದು. ವಿಡಿಯೊ ಆಟ ಶುರುವಾಗಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಮೊದಲು ಇಟ್ಟ ಎರಡು ಗೊಂಬೆಗಳು ಒಂದನೇ ಲೆವೆಲ್‌ನಲ್ಲಿ ಬರಿತಲೆಯಲ್ಲಿ ನಿಂತಿದ್ದವು. ಮೀನು ಮಾತ್ರ ಹತ್ತನೇ ಲೆವೆಲ್, ಜೇಬು ತುಂಬ ಚಿನ್ನ, ಹೆಸರಿನ ಜಾಗದಲ್ಲಿ 'ಫಿಶಿ' ಅಂತ ಯಾರೋ ಇಟ್ಟ ಅಡ್ಡಹೆಸರು.

"ಮಾಮ, ಇದರೊಳಗೆ ಬೇರೆ ಯಾರೋ ಇದ್ದಾರೆ" ಅಂದ ಅಕ್ಕನ ಮಗ. ಅವನಿಗೆ ಏಳು ವರ್ಷ.

ಒಳಗಿನ ಕೋಣೆಯಿಂದ ಅಮ್ಮ ಬಂದರು. "ಕಂಡವರ ಮನೆ ಗೊಂಬೆ ತರಬೇಡ್ರೋ ಅಂದ್ರೆ ಕೇಳಲ್ಲ" ಅಂದವರೇ ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ಹುಡುಕತೊಡಗಿದರು. ಇದು ನಡೆದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ದೃಷ್ಟಿ ತೆಗೆಯೋಕೆ ವೀಸಾ ಬೇಕಾಗಿಲ್ಲ.

ಆಟದ ಹೆಸರು ಸ್ಕೈಲ್ಯಾಂಡರ್ಸ್. ಅಕ್ಕ ಯಾರೋ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್ ಒಂದರಲ್ಲಿ ತಂದಿದ್ದಳು. ಒಂದು ಡಿಸ್ಕ್, ಇಡ್ಲಿ ತಟ್ಟೆಯಷ್ಟಗಲದ ಒಂದು ಪ್ಲಾಸ್ಟಿಕ್ ಪೀಠ, ಶೂ ಡಬ್ಬಿ ತುಂಬ ಗೊಂಬೆಗಳು. ಇದನ್ನು ಮಾಡಿದ ಟಾಯ್ಸ್ ಫಾರ್ ಬಾಬ್ ಎಂಬ ಕಂಪನಿ ಇದ್ದದ್ದೂ ಅದೇ ಸೀಮೆಯ ನೊವಾಟೊ ಊರಿನಲ್ಲಿ. ಹೊರತಂದದ್ದು ಆಕ್ಟಿವಿಷನ್, 2011ರ ಅಕ್ಟೋಬರ್‌ನಲ್ಲಿ. ಪೀಠವನ್ನು ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕೆ ಸಿಕ್ಕಿಸಿ ಮೇಲೆ ಗೊಂಬೆ ಇಟ್ಟರೆ ಸಾಕು. ಪೀಠದ ದೀಪ ಬಣ್ಣ ಬದಲಿಸುತ್ತದೆ, ಟಿವಿಯಲ್ಲಿ ಅದೇ ಗೊಂಬೆ ಕುಣಿಯುತ್ತಾ ಇಳಿಯುತ್ತದೆ. ತೆಗೆದರೆ ಮಾಯ.

ಮೊದಲ ಸಲ ನೋಡಿದಾಗ ನನಗೂ ಖುಷಿಯಾಯಿತು, ಸುಳ್ಳು ಹೇಳಲ್ಲ. ಆಟವೇನೋ ಸುಲಭದ್ದೇ. ಓಡು, ಹೊಡಿ, ಚಿನ್ನ ಹೆಕ್ಕು. ಕತೆಯಲ್ಲಿ ಮಾತ್ರ ಜಾಣತನ ಇದೆ. ಕೇಯಾಸ್ ಎಂಬ ಖಳ ಇವರನ್ನೆಲ್ಲ ತಮ್ಮ ಲೋಕದಿಂದ ಭೂಮಿಗೆ ಎಸೆದ, ಇಲ್ಲಿಗೆ ಬರುವಷ್ಟರಲ್ಲಿ ಕುಗ್ಗಿ ಗೊಂಬೆಗಳಾದರು, ಈಗ ನೀನೇ ಅವರನ್ನು ವಾಪಸ್ ಕಳಿಸಬೇಕು ಅಂತ. ಅಂದರೆ ಮೇಜಿನ ಮೇಲಿರುವ ಪ್ಲಾಸ್ಟಿಕ್ ಕೂಡ ಕತೆಯ ಭಾಗವೇ. ಹೊಟ್ಟೆ ಉರಿಸುವುದು ಬಾಗಿಲುಗಳು. ನೀರು, ಬೆಂಕಿ, ಮಣ್ಣು, ಗಾಳಿ ಹೀಗೆ ಎಂಟು ಪಂಗಡ. ಕೆಲವು ಬಾಗಿಲು ಆಯಾ ಪಂಗಡದ ಗೊಂಬೆಗೆ ಮಾತ್ರ ತೆರೆಯುತ್ತದೆ. ಹೊಸ ಡಬ್ಬಿಯಲ್ಲಿ ಬರುತ್ತಿದ್ದದ್ದು ಮೂರೇ ಗೊಂಬೆ. ಉಳಿದ ಐದು ಪಂಗಡಕ್ಕೆ ಅಂಗಡಿಗೇ ಹೋಗಬೇಕು, ಅಲ್ವಾ? ಮಕ್ಕಳ ಆಟದೊಳಗೆ ಕೂತ ವ್ಯಾಪಾರಿ ಅದು. ಅದರ ಬಗ್ಗೆ ಇಷ್ಟು ಸಾಕು. ನನ್ನ ತಲೆ ಕೊರೆದದ್ದು ಆ ಟೋಪಿ.

ಟೋಪಿ ಎಲ್ಲಿತ್ತು? ಡಿಸ್ಕ್‌ನಲ್ಲಿ ಅಲ್ಲ, ಅದರ ಮೇಲೆ ಬರೆಯಲು ಬರುವುದಿಲ್ಲ. ಎಕ್ಸ್‌ಬಾಕ್ಸ್ ಅಕ್ಕನ ಮನೆಯದೇ, ಆ ಮೀನನ್ನು ಹಿಂದೆಂದೂ ಕಂಡಿಲ್ಲ. ಇಂಟರ್ನೆಟ್ಟಿನಲ್ಲೂ ಇಲ್ಲ, ಭಾವ ವೈಫೈ ಪಾಸ್‌ವರ್ಡ್ ಹಾಕಿರಲೇ ಇಲ್ಲ. ಉಳಿದದ್ದು ಗೊಂಬೆ. ಮೀನಿನ ಕಾಲಡಿಯ ಪ್ಲಾಸ್ಟಿಕ್ ಬಿಲ್ಲೆಯೊಳಗೇ ಟೋಪಿ ಇತ್ತು. ಮೊದಲ ಎರಡು ಗೊಂಬೆಗಳ ನೆನಪನ್ನು ಹಳೇ ಯಜಮಾನ ಅಳಿಸಿ ಕೊಟ್ಟಿರಬೇಕು. ಮೀನಿನದು ಮರೆತುಹೋಗಿತ್ತು.

ಗೊಂಬೆಯಲ್ಲಿ ಬ್ಯಾಟರಿ ಇದೆ ಅಂತ ಅಕ್ಕ, ಆಯಸ್ಕಾಂತ ಇದೆ ಅಂತ ಭಾವ, ರೇಡಿಯೇಶನ್ ಬರುತ್ತೆ ಅಂತ ಪಕ್ಕದ ಮನೆಯವರು. ಮೂರೂ ತಪ್ಪು. ಒಳಗಿರುವುದು ತೆಳು ತಂತಿಯ ಒಂದು ಸುರುಳಿ, ಅದಕ್ಕೆ ಅಂಟಿದ ಎಳ್ಳಿನಷ್ಟು ಒಂದು ಚಿಪ್. ಅಷ್ಟೇ. ಬೆಂಗಳೂರಿನ ಮೆಟ್ರೊ ಟೋಕನ್‌ನೊಳಗೆ ಇರುವುದೂ ಇಂಥದ್ದೇ. ತಮಾಷೆ ಅಂದರೆ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ಕ್ಕೆ, ಈ ಆಟ ಅಮೆರಿಕದ ಅಂಗಡಿಗೆ ಬಂದ ಅದೇ ತಿಂಗಳು. ಇಲ್ಲಿ ನಾವು ದುಂಡನೆಯ ಟೋಕನ್ ಮುಟ್ಟಿಸಿ ಗೇಟು ದಾಟುತ್ತಿದ್ದಾಗ ಅಲ್ಲಿ ಮಕ್ಕಳು ಡ್ರ್ಯಾಗನ್ ಇಟ್ಟು ಲೋಕವನ್ನೇ ದಾಟುತ್ತಿದ್ದರು.

ಬ್ಯಾಟರಿ ಇಲ್ಲದ ಚಿಪ್‌ಗೆ ಕರೆಂಟ್ ಎಲ್ಲಿಂದ? ಅದು 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. ಒಂದು ಸುರುಳಿಯಲ್ಲಿ ಕರೆಂಟ್ ಏರಿಳಿದರೆ ಪಕ್ಕದ ಸುರುಳಿಯಲ್ಲೂ ಕರೆಂಟ್ ಹುಟ್ಟುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಮಾಡುವುದು ಇದನ್ನೇ. ಅದನ್ನು ಅಡ್ಡಕ್ಕೆ ಸೀಳಿ ಅರ್ಧ ಪೀಠದಲ್ಲಿ, ಅರ್ಧ ಗೊಂಬೆಯಲ್ಲಿ ಇಟ್ಟಂತೆ. ಪೀಠದ ಸುರುಳಿಯ ಕರೆಂಟ್ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಏರಿಳಿಯುತ್ತದೆ. ಗೊಂಬೆಯ ಸುರುಳಿಯನ್ನೂ ಅದೇ ತಾಳಕ್ಕೆ ಶ್ರುತಿ ಮಾಡಿರುತ್ತಾರೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಒಂದು ಬೆರಳು ಸಾಕಾಗುತ್ತದಲ್ಲ, ಹಾಗೆ.

ಇಲ್ಲಿಯವರೆಗೂ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಮುಂದಿನದು. ಕರೆಂಟೇನೋ ಸಿಕ್ಕಿತು, ಗೊಂಬೆ ಉತ್ತರ ಕೊಡುವುದು ಹೇಗೆ? ಕೂಗೋಕೆ ಅದಕ್ಕೆ ತ್ರಾಣ ಇಲ್ಲ. ಸ್ವಂತದ ಟ್ರಾನ್ಸ್‌ಮಿಟರ್ ಇಲ್ಲ.

ಹಳೇ ಸೈಕಲ್ ಡೈನಮೊ ನೆನಪು ಮಾಡಿಕೊಳ್ಳಿ. ಟೈರಿಗೆ ಒತ್ತಿಕೊಂಡು ಕುಂಯ್ ಅಂತ ತಿರುಗುತ್ತಿತ್ತು. ದೀಪ ಹೊತ್ತಿಸಿದರೆ ಪೆಡಲ್ ಭಾರ ಆಗುತ್ತಿತ್ತು. ಆರಿಸಿದರೆ ಹಗುರ. ಈಗ ದೀಪದ ಸ್ವಿಚ್ಚು ಹಿಂದೆ ಕ್ಯಾರಿಯರ್ ಮೇಲೆ ಕೂತ ಗೆಳೆಯನ ಕೈಯಲ್ಲಿದೆ ಅಂದುಕೊಳ್ಳಿ. ನೀವು ಕಣ್ಣು ಮುಚ್ಚಿ ತುಳಿಯುತ್ತಿದ್ದೀರಿ. ಅವನು ಬಾಯಿ ಬಿಡುವುದಿಲ್ಲ. ಸುಮ್ನೆ ಸ್ವಿಚ್ ಹಾಕಿ ಆರಿಸುತ್ತಾನೆ. ಭಾರ, ಹಗುರ, ಭಾರ, ಭಾರ. ನಿಮ್ಮ ಕಾಲಿಗೆ ಎಲ್ಲ ಗೊತ್ತಾಗುತ್ತದೆ. ಮೊದಲೇ ಮಾತಾಡಿಕೊಂಡಿದ್ದರೆ ನಿಮ್ಮ ಕಾಲೇ ಅವನ ಕಾಗದ ಓದುತ್ತದೆ. ಇಡೀ ಪತ್ರಕ್ಕೆ ಬೇಕಾದ ಶಕ್ತಿ ನಿಮ್ಮದೇ, ಅವನದು ಬೆರಳಾಡಿಸಿದ್ದಷ್ಟೇ.

ಗೊಂಬೆ ಮಾಡುವುದೂ ಇದನ್ನೇ. ತನ್ನ ಸುರುಳಿಗೆ ಒಂದು ಸಣ್ಣ ಹೊರೆಯನ್ನು ಸೇರಿಸುತ್ತದೆ, ಬಿಡಿಸುತ್ತದೆ. ಪೀಠಕ್ಕೆ ತನ್ನ ಸುರುಳಿ ಒಮ್ಮೆ ಭಾರ, ಒಮ್ಮೆ ಹಗುರ ಅನ್ನಿಸುತ್ತದೆ. ಅಮ್ಮನಿಗೆ ಸೈಕಲ್ ಬಾರದ್ದರಿಂದ ಬೀಸುಕಲ್ಲಿನಲ್ಲಿ ಹೇಳಿದೆ. ಇಬ್ಬರು ಎದುರು ಬದುರು ಕೂತು ರಾಗಿ ಬೀಸುವಾಗ ಎದುರಿನವಳು ಕೈ ಸಡಿಲ ಬಿಟ್ಟರೆ ನಿನಗೆ ಗೊತ್ತಾಗಲ್ವಾ? "ಗೊತ್ತಾಗದೆ ಏನು, ನಿಮ್ಮ ಅತ್ತೆ ಯಾವಾಗಲೂ ಹಾಗೇ ಮಾಡೋಳು" ಅಂದರು. ವಿಜ್ಞಾನ ಅಲ್ಲಿಗೆ ನಿಂತು ಪುರಾಣ ಶುರುವಾಯಿತು.

ಈ ಭಾರ-ಹಗುರದ ಆಟ ಸೆಕೆಂಡಿಗೆ ಸುಮಾರು 1 ಲಕ್ಷ 6 ಸಾವಿರ ಬಿಟ್ (ಸೊನ್ನೆ ಇಲ್ಲವೇ ಒಂದು) ವೇಗದಲ್ಲಿ ನಡೆಯುತ್ತದೆ. ಪೀಠ ಮಾತಾಡುವ ರೀತಿ ಬೇರೆ. ಅದು ತನ್ನ ಅಲೆಯನ್ನು ಸೆಕೆಂಡಿನ ಕೆಲವು ಲಕ್ಷದ ಒಂದು ಪಾಲು ಹೊತ್ತು ಪೂರಾ ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಗೊಂಬೆಗೆ ಊಟವೇ ಇಲ್ಲ. ಕೂಡಿಟ್ಟ ಚೂರು ಚಾರ್ಜಿನಲ್ಲಿ ಉಸಿರು ಹಿಡಿದು ಕೂರುತ್ತದೆ. ಎರಡು ಮೂರು ಗೊಂಬೆ ಒಟ್ಟಿಗೆ ಇಟ್ಟರೂ ಗಲಿಬಿಲಿ ಇಲ್ಲ. ಪ್ರತಿ ಚಿಪ್‌ಗೂ ಒಂದು ನಂಬರಿದೆ. ಮೇಷ್ಟ್ರು ಹಾಜರಿ ತೆಗೆದಂತೆ ಪೀಠ ಒಂದೊಂದೇ ಅಂಕಿ ಕೇಳುತ್ತಾ ಉಳಿದವರ ಬಾಯಿ ಮುಚ್ಚಿಸುತ್ತದೆ.

ಬೇರೆಯವರ ಶಕ್ತಿಯಲ್ಲಿ ಮಾತಾಡುವ ಈ ಜಾತಿಗೆ ಒಬ್ಬ ಅಜ್ಜನಿದ್ದಾನೆ. ಅವನ ಕತೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕ ರಾಯಭಾರಿ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯೊಂದನ್ನು ಉಡುಗೊರೆ ಕೊಟ್ಟರು. ರಾಯಭಾರಿಯ ಮನೆಯ ಗೋಡೆಯ ಮೇಲೆ ಅದು 1952ರವರೆಗೆ ತೂಗಿತು. ಒಳಗೆ ಬ್ಯಾಟರಿ ಇಲ್ಲ, ಹೊರಗೆ ಹೋಗುವ ವೈರು ಇಲ್ಲ. ಹುಡುಕಿದವರಿಗೆ ಸಿಗಬೇಕಾದದ್ದೇ ಇರಲಿಲ್ಲ. ಇದ್ದದ್ದು ಒಂದು ಲೋಹದ ಡಬ್ಬಿ, ತೆಳು ಪೊರೆ, ಒಂದು ಕಡ್ಡಿ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಅದು ಎಚ್ಚರವಾಗುತ್ತಿತ್ತು. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಪೊರೆ ಅದುರಿ, ವಾಪಸ್ ಹೋಗುವ ಅಲೆಯೂ ಅದಕ್ಕೆ ತಕ್ಕಂತೆ ಅದುರುತ್ತಿತ್ತು. ಮಾಡಿದವನು ಲಿಯೊನ್ ತೆರೆಮಿನ್, ಮುಟ್ಟದೆ ನುಡಿಸುವ ವಾದ್ಯವನ್ನು ಕಂಡುಹಿಡಿದ ಅದೇ ಪುಣ್ಯಾತ್ಮ. ಮಕ್ಕಳ ಕೈಯಲ್ಲಿ ಕೊಡಿಸಿದ ಉಡುಗೊರೆಯೊಳಗೆ ಕಳ್ಳಗಿವಿ! 'ಕಂಡವರ ಮನೆ ಗೊಂಬೆ ತರಬೇಡ' ಅನ್ನುವ ಅಮ್ಮನ ಮಾತು ಆ ರಾಯಭಾರಿಗೆ ಮಾತ್ರ ಸರಿಯಾಗಿ ಅನ್ವಯಿಸುತ್ತದೆ. ಲೆಕ್ಕ ಹಾಕಿದರೆ, ಅಲೆಯನ್ನು ಹಿಂದಕ್ಕೆ ಹೊಡೆದು ಮಾತಾಡುವ ನಮ್ಮ ಕಾರಿನ ಫಾಸ್ಟ್ಯಾಗ್ ತೆರೆಮಿನ್‌ನ ಮೊಮ್ಮಗ. ಮೈಗೆ ಮೈ ತಾಗುವಷ್ಟು ಹತ್ತಿರ ಬೇಕೆನ್ನುವ ಈ ಗೊಂಬೆ ಫ್ಯಾರಡೆ ಕಡೆಯವನು.

ಹತ್ತಿರವೇ ಯಾಕೆ ಬೇಕು? ಸುರುಳಿಯಿಂದ ಸ್ವಲ್ಪ ಆಚೆ ಹೋದರೆ ಅದರ ಬಲ ಪಾತಾಳಕ್ಕೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಪಾಲು. ಆದ್ದರಿಂದ ಕೆಲವೇ ಸೆಂಟಿಮೀಟರ್ ಇದರ ಸರಹದ್ದು. ಪಕ್ಕದ ಮನೆಯವರ ರೇಡಿಯೇಶನ್ ಭಯಕ್ಕೂ ಇದೇ ಉತ್ತರ. ಎಕ್ಸ್‌ರೇ ಜಾತಿಯದಲ್ಲ ಇದು, ರೇಡಿಯೊ ಜಾತಿಯದು, ಅದೂ ಗೇಣು ದೂರ ದಾಟದ್ದು.

ಅಷ್ಟರಲ್ಲಿ ಅಮ್ಮ ಉಪ್ಪು, ಮೆಣಸಿನಕಾಯಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದರು. ಒಳ್ಳೇದಾಯಿತು. ಆ ಪೊಟ್ಟಣವನ್ನೇ ಚಪ್ಪಟೆ ಮಾಡಿ ಪೀಠದ ಮೇಲಿಟ್ಟು ಅದರ ಮೇಲೆ ಮೀನನ್ನು ಕೂರಿಸಿದೆ. ಮೀನು ಟೋಪಿ ಸಮೇತ ಹಾಜರ್. ದೃಷ್ಟಿಗೆ ಜಗ್ಗಲಿಲ್ಲ. ಪೊಟ್ಟಣ ತೆಗೆದು ಒಂದು ಸ್ಟೀಲ್ ತಟ್ಟೆ ಇಟ್ಟೆ. ಮೀನು ಮಾಯ. ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಬಂತು, ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಮತ್ತೆ ಮಾಯ. ಲೋಹದಲ್ಲಿ ಅಲೆಯ ಹೊಡೆತಕ್ಕೆ ಸುಳಿಸುಳಿಯಾಗಿ ಕರೆಂಟ್ ಹರಿದು, ಬಂದ ಬಲವನ್ನೇ ಅದು ಎದುರಿಸಿ ಕೊಂದುಬಿಡುತ್ತದೆ. ಆತ್ಮ ಇದ್ದಿದ್ದರೆ ಊಟದ ತಟ್ಟೆಗೆ ಹೆದರುತ್ತಿರಲಿಲ್ಲ. ಅಮ್ಮ ಒಪ್ಪಿದರು ಅಂತ ಹೇಳಲಾರೆ. ಆದರೆ ಮರದ ಮಣೆ ಇಟ್ಟರೆ ಏನಾಗುತ್ತೆ ನೋಡು ಅಂತ ಅವರೇ ತಂದುಕೊಟ್ಟರು. ಮಣೆ ದಪ್ಪ ಇತ್ತು, ಮೀನು ಬರಲಿಲ್ಲ. ಮರಕ್ಕೂ ಶಕ್ತಿ ಇದೆ ಅಂತ ಅವರು ತೀರ್ಮಾನಿಸುವಷ್ಟರಲ್ಲಿ ಅದೇ ದಪ್ಪಕ್ಕೆ ಗೊಂಬೆಯನ್ನು ಬರಿಗೈಯಲ್ಲಿ ಎತ್ತಿಹಿಡಿದು ತೋರಿಸಿದೆ. ಆಗಲೂ ಬರಲಿಲ್ಲ.

ಇನ್ನು ನೆನಪು. ಚಿಪ್ ಮೈಫೇರ್ ಕ್ಲಾಸಿಕ್ ಎಂಬ ಜಾತಿಯದು. ಎಷ್ಟೋ ಊರುಗಳ ಬಸ್ಸು ಕಾರ್ಡಿನಲ್ಲಿ ಇದ್ದದ್ದೂ ಅದೇ. 2008ರಲ್ಲಿ ನೆದರ್ಲ್ಯಾಂಡ್ಸ್‌ನ ನೈಮೇಗನ್ ವಿಶ್ವವಿದ್ಯಾಲಯದವರು ಅದರ ಬೀಗ ಮುರಿದು ತೋರಿಸಿದರು. ಚಿಪ್ ಕಂಪನಿ ಅದನ್ನು ಪ್ರಕಟಿಸಬಾರದೆಂದು ಕೋರ್ಟಿಗೆ ಹೋಗಿ ಸೋತಿತು. ಅದರಲ್ಲಿ ಒಟ್ಟು ಜಾಗ 1,024 ಬೈಟ್. ಬೀಗದ ಕೈಗಳ ಜಾಗ, ಚಿಪ್ ನಂಬರಿನ ಜಾಗ ಕಳೆದರೆ ಉಳಿಯುವುದು 752. ಕನ್ನಡದಲ್ಲಿ 'ಕ್ಷಾ' ಎಂಬ ಒಂದಕ್ಷರಕ್ಕೇ ಕಂಪ್ಯೂಟರ್ 12 ಬೈಟ್ ತಿನ್ನುತ್ತದೆ. ಅಂದರೆ ಈ ಪ್ಯಾರಾ ಕೂಡ ಮೀನಿನ ಹೊಟ್ಟೆಗೆ ಹಿಡಿಸುವುದಿಲ್ಲ. ಅಷ್ಟರಲ್ಲೇ ಲೆವೆಲ್, ಚಿನ್ನ, ಕಲಿತ ವಿದ್ಯೆ, ಅಡ್ಡಹೆಸರು, ಟೋಪಿ ಎಲ್ಲ. ಟೋಪಿಯ ಚಿತ್ರ ಡಿಸ್ಕ್‌ನಲ್ಲಿರುತ್ತದೆ, ಗೊಂಬೆಯಲ್ಲಿ ಇರುವುದು ಟೋಪಿಯ ನಂಬರ್ ಮಾತ್ರ. ದಿನಸಿ ಅಂಗಡಿಯವನ ಚೀಟಿ ಇದ್ದಹಾಗೆ. ಮೂಟೆ ಗೋದಾಮಿನಲ್ಲಿ, ಚೀಟಿ ನಿಮ್ಮ ಕೈಯಲ್ಲಿ. ಪೀಠ ಬರೆಯುವ ಹೊತ್ತಿನಲ್ಲೇ ಮಗು ಗೊಂಬೆ ಕಿತ್ತುಕೊಂಡರೆ? ಅದಕ್ಕೂ ಉಪಾಯ ಇದೆ. ಲೆಕ್ಕವನ್ನು ಎರಡು ಕಡೆ, ಸರದಿಯಂತೆ ಬರೆಯುತ್ತಾರೆ. ಒಂದು ಹಾಳಾದರೆ ಹಿಂದಿನದು ಉಳಿದಿರುತ್ತದೆ.

ಬರೆದದ್ದು ನಿಲ್ಲುವುದು ಎಲೆಕ್ಟ್ರಾನ್‌ಗಳಲ್ಲಿ. ಸುತ್ತಲೂ ಕರೆಂಟ್ ಹರಿಯದ ಗೋಡೆ ಕಟ್ಟಿದ ಪುಟ್ಟ ಕಣಜಗಳು. ಬರೆಯುವಾಗ ಬಲವಂತವಾಗಿ ಗೋಡೆ ದಾಟಿಸಿ ಎಲೆಕ್ಟ್ರಾನ್‌ಗಳನ್ನು ಒಳಗೆ ತುಂಬುತ್ತಾರೆ. ಆಮೇಲೆ ಅವು ಹೊರಬರಲಾರವು. ಚಿಪ್ ಮಾಡಿದವರು ಕೊಡುವ ಭರವಸೆ 10 ವರ್ಷ, 1 ಲಕ್ಷ ಸಲ ಬರೆಯುವಷ್ಟು ಬಾಳಿಕೆ. ಫಿಶಿ ಆ ಗಡುವನ್ನು ದಾಟಿ ಬದುಕಿದ್ದಾನೆ. ನಿಂಟೆಂಡೊದ್ದು ಬಿಟ್ಟರೆ ಈ ಬಗೆಯ ಗೊಂಬೆಯಾಟಗಳ ಸಂತೆ ಅಷ್ಟು ದಿನ ಬಾಳಲಿಲ್ಲ. 2013ಕ್ಕೆ ಡಿಸ್ನಿ ಬಂತು, 2014ಕ್ಕೆ ನಿಂಟೆಂಡೊ, 2015ಕ್ಕೆ ಲೆಗೊ. 2016ರಲ್ಲಿ ಡಿಸ್ನಿ ಅಂಗಡಿ ಮುಚ್ಚಿತು, ಸ್ಕೈಲ್ಯಾಂಡರ್ಸ್‌ನ ಕೊನೆಯ ದೊಡ್ಡ ಆಟ ಬಂದದ್ದೂ ಆ ವರ್ಷವೇ. ಮನೆಗಳಲ್ಲಿ ಜಾಗ ಎಲ್ಲಿತ್ತು, ಹೇಳಿ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನಾನೇ ಸ್ವಲ್ಪ ಮೆತ್ತಗಾಗಿದ್ದೆ. ಎಂದೋ ಯಾವುದೋ ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಹೋಂವರ್ಕ್ ಬಿಟ್ಟು ಕೂತು ಈ ಮೀನನ್ನು ಹತ್ತನೇ ಲೆವೆಲ್‌ಗೆ ಏರಿಸಿ, ಟೋಪಿ ಹುಡುಕಿ ತೊಡಿಸಿದ್ದಾರೆ. ಆ ಸಂಜೆಗಳ ಎಲೆಕ್ಟ್ರಾನ್ ಇನ್ನೂ ಇಲ್ಲೇ ಇವೆ. "ಇದನ್ನು ಹೀಗೇ ಇಟ್ಕೊಳ್ಳೋಣ ಕಣೋ" ಅಂತ ತಿರುಗಿದೆ.

ಅವನು ಆಗಲೇ ಮೆನು ತೆರೆದು 'ಫಿಶಿ' ಅಳಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ 'ಮೀನಪ್ಪ' ಅಂತ ಒತ್ತುತ್ತಿದ್ದ. ಲೆವೆಲ್ ಹತ್ತು, ಚಿನ್ನ, ಟೋಪಿ ಯಾವುದನ್ನೂ ಮುಟ್ಟಿರಲಿಲ್ಲ.