ಬೆಳಗ್ಗೆ ಇಳಿಸಿದ ಕಲ್ಚರ್‌ನಲ್ಲಿ ಸಿಗುವುದು ಯಾವ ರೈಬೋಸೋಮ್?

ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರವೇ ರೈಬೋಸೋಮ್. ಅದನ್ನು ಬೇರ್ಪಡಿಸಲು ಬರುವ ವಿದ್ಯಾರ್ಥಿಗಳನ್ನು ನಾನು ಮೊದಲು ಕೇಳುವುದು, ‘ಕಲ್ಚರ್ ಯಾವಾಗ ಇಳಿಸಿದ್ರಿ?’ ಅಂತ. ಅಂದರೆ ಬೆಳೆಸಿಟ್ಟ ಬ್ಯಾಕ್ಟೀರಿಯಾವನ್ನು ಯಾವಾಗ ಹೊರತೆಗೆದು ಕೋಶಗಳನ್ನು ಸಂಗ್ರಹಿಸಿದ್ರಿ ಅಂತ. ‘ರಾತ್ರಿ ಇಟ್ಟಿದ್ದೆ ಸರ್, ಬೆಳಗ್ಗೆ ತೆಗೆದೆ’ ಅಂದರೆ ಅಲ್ಲೇ ತಡೆಯುತ್ತೇನೆ.

ಬ್ಯಾಕ್ಟೀರಿಯಾದ ರೈಬೋಸೋಮ್ ಅಂದರೆ 70ಎಸ್, ಅದರಲ್ಲಿ 30ಎಸ್ ಮತ್ತು 50ಎಸ್ ಎಂಬ ಎರಡು ಭಾಗ ಅಂತ ಎಲ್ಲರೂ ಓದಿರುತ್ತಾರೆ. (ಕೂಡಿದರೆ 80 ಆಗಬೇಕಲ್ವಾ? ಎಸ್ ತೂಕವಲ್ಲ, ಸೆಂಟ್ರಿಫ್ಯೂಜ್‌ನಲ್ಲಿ ಎಷ್ಟು ಬೇಗ ಕೆಳಗಿಳಿಯುತ್ತದೆ ಅನ್ನುವ ಅಳತೆ.) ಹೊಟ್ಟೆ ತುಂಬಿದ, ಬೆಳೆಯುತ್ತಿರುವ ಕೋಶಕ್ಕೆ ಈ ಮಾತು ಸರಿ. ರಾತ್ರಿಯಿಡೀ ಬೆಳೆದ ಇ. ಕೋಲೈ ಬ್ಯಾಕ್ಟೀರಿಯಾ ಬೆಳಗಿನ ಹೊತ್ತಿಗೆ ಆಹಾರವನ್ನೆಲ್ಲ ಮುಗಿಸಿರುತ್ತದೆ. ಅದರ ಸಾರವನ್ನು ಸುಕ್ರೋಸ್ ಗ್ರೇಡಿಯೆಂಟ್ (ಕೆಳಗೆ ಹೋದಂತೆ ದಟ್ಟವಾಗುವ ಸಕ್ಕರೆ ದ್ರಾವಣ) ಮೇಲೆ ಹಾಕಿ ತಿರುಗಿಸಿದರೆ 70ಎಸ್‌ಗಿಂತ ಕೆಳಗೆ ಇನ್ನೊಂದು ಪೀಕ್ ಬರುತ್ತದೆ. ಅದೇ 100ಎಸ್. ಎರಡು ರೈಬೋಸೋಮ್‌ಗಳು 30ಎಸ್ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಅಂಟಿಕೊಂಡು, ಪ್ರೋಟೀನ್ ತಯಾರಿಸದೆ ವಿಶ್ರಮಿಸುತ್ತಿರುತ್ತವೆ.

ಅಂಟಿಸುವುದು ಆರ್‌ಎಮ್‌ಎಫ್. ಬರೀ 55 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಜಪಾನಿನ ಅಕಿರಾ ವಾಡಾ ತಂಡ 1990ರಲ್ಲಿ ಇದನ್ನು ವರದಿ ಮಾಡಿತು. ಬೆಳವಣಿಗೆ ನಿಧಾನವಾದಾಗ ಇದು ಹೆಚ್ಚುತ್ತದೆ. ಎಮ್‌ಆರ್‌ಎನ್‌ಎ (ಪ್ರೋಟೀನ್ ತಯಾರಿಕೆಯ ಸೂಚನೆ ತರುವ ಅಣು) ಬಂದು ಕೂರುವ ಜಾಗದ ಪಕ್ಕದಲ್ಲೇ ಇದು ಕೂರುತ್ತದೆ. ಆಮೇಲೆ ಎಚ್‌ಪಿಎಫ್ ಎಂಬ ಇನ್ನೊಂದು ಪ್ರೋಟೀನ್ ಒಳಗಿನ ದಾರಿಗೆ ಅಡ್ಡ ನಿಂತು ಜೋಡಿಯನ್ನು ಗಟ್ಟಿ ಮಾಡುತ್ತದೆ. ಸ್ಟ್ಯಾಫಿಲೋಕಾಕಸ್‌ನಲ್ಲಿ ಆರ್‌ಎಮ್‌ಎಫ್ ಇಲ್ಲ. ಅಲ್ಲಿ ಉದ್ದ ಬಾಲದ ಎಚ್‌ಪಿಎಫ್ ಒಂದೇ ಎರಡೂ ಕೆಲಸ ಮಾಡುತ್ತದೆ.

ಆರ್‌ಎಮ್‌ಎಫ್ ಇಲ್ಲದ ಇ. ಕೋಲೈ ಹಸಿವಿನಲ್ಲಿ ಬೇಗ ಸಾಯುತ್ತದೆ. ಅಂದರೆ ಇದು ಸುಮ್ನೆ ಮಲಗುವುದಲ್ಲ. ಹೊಸ ಮೀಡಿಯಾ (ಆಹಾರವಿರುವ ದ್ರವ) ಹಾಕಿದರೆ ಸುಮಾರು ಒಂದು ನಿಮಿಷದಲ್ಲೇ ಜೋಡಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ 100ಎಸ್ ನೋಡಬೇಕೆಂದರೆ ಕೋಶಗಳನ್ನು ಹೊಸ ಮೀಡಿಯಾದಲ್ಲಿ ತೊಳೆಯಬೇಡಿ, ತಕ್ಷಣ ತಣ್ಣಗೆ ಮಾಡಿ. ಬಫರ್‌ನಲ್ಲಿ ಮೆಗ್ನೀಸಿಯಮ್ ತೀರಾ ಕಡಿಮೆಯಾದರೆ 70ಎಸ್ ಕೂಡ ಎರಡು ಭಾಗವಾಗಿ ಹೋಗುತ್ತದೆ. ದುಡಿಯುವ ರೈಬೋಸೋಮ್ ಬೇಕಿದ್ದರೆ ಕಲ್ಚರ್ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ, ಅಂದರೆ ಓಡಿ (OD), 0.5ರ ಆಸುಪಾಸಿನಲ್ಲಿರುವಾಗಲೇ ಇಳಿಸಿ.

ಎಲ್ಲ ಬ್ಯಾಕ್ಟೀರಿಯಾವೂ ಜೋಡಿಯಾಗಿಯೇ ವಿಶ್ರಮಿಸಬೇಕೆಂದಿಲ್ಲ. 2024ರಲ್ಲಿ ನ್ಯೂಕ್ಯಾಸಲ್‌ನ ಸಂಶೋಧಕರು ಶೀತಪ್ರಿಯ ಸೈಕ್ರೋಬ್ಯಾಕ್ಟರ್‌ನಲ್ಲಿ ಬ್ಯಾಲಾನ್ ಎಂಬ ಪ್ರೋಟೀನ್ ಕಂಡರು. ಇದು ಖಾಲಿ ರೈಬೋಸೋಮ್‌ಗಾಗಿ ಕಾಯುವುದಿಲ್ಲ. ಎಮ್‌ಆರ್‌ಎನ್‌ಎ ಒಳಗಿರುವಾಗಲೇ ಹೋಗಿ ಕೂತುಬಿಡುತ್ತದೆ. ನಾವೆಲ್ಲ ಜಾಸ್ತಿ ನೋಡುವ ಇ. ಕೋಲೈನಲ್ಲಿ ಬ್ಯಾಲಾನ್ ಇಲ್ಲವೇ ಇಲ್ಲ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳದಿದ್ದುದರಲ್ಲಿ ನನಗೇನೂ ಆಶ್ಚರ್ಯವಿಲ್ಲ.