ಸಿಖ್ಖರ ಹೆಸರು ಮತ್ತು ಅರ್ಜಿಯ ‘ಸರ್‌ನೇಮ್’ ಕಾಲಂ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ಹಾಕಿ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್. 2025ರಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದ ನಾಯಕಿ ಹರ್ಮನ್‌ಪ್ರೀತ್ ಕೌರ್. ಇಬ್ಬರ ಹೆಸರೂ ಒಂದೇ. ಕೊನೆಯಲ್ಲಿರುವ ಸಿಂಗ್, ಕೌರ್ ನೋಡಿದರೆ ಮಾತ್ರ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಸಿಖ್ ಮನೆಗಳಲ್ಲಿ ಇದು ಮಾಮೂಲು. ಗುರ್‌ಪ್ರೀತ್, ಮನ್‌ದೀಪ್, ಕುಲ್ವಿಂದರ್ ಎಂದು ಮಗನಿಗೂ ಇಡುತ್ತಾರೆ, ಮಗಳಿಗೂ ಇಡುತ್ತಾರೆ.

ಅದೇ ಮನೆಗಳಲ್ಲಿ ಈಗ ಹೆಸರಿನ ಬಗ್ಗೆ ಚರ್ಚೆ ಜೋರಾಗಿದೆ. ಅಜ್ಜ-ಅಜ್ಜಿಗೆ ಹರ್ಜಿಂದರ್, ಬಲ್ವಿಂದರ್ ಥರದ ತುಂಬು ಹೆಸರು ಬೇಕು. ಟೊರಾಂಟೊದಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ಇರುವ ಅಪ್ಪ-ಅಮ್ಮನಿಗೆ ಶಾಲೆಯ ಟೀಚರ್ ತಪ್ಪಿಲ್ಲದೆ ಕರೆಯಬಲ್ಲ ಕಬೀರ್, ಮೆಹರ್, ಫತೇ ಬೇಕು. ಇದನ್ನು ಸಂಪ್ರದಾಯಕ್ಕೂ ಹೊಸತನಕ್ಕೂ ಜಗಳ ಅಂದುಬಿಡಬಹುದು. ಆದರೆ ಹಳೆಯದು ಅಂತ ಯಾವುದನ್ನು ಕರೆಯುತ್ತಿದ್ದೇವೋ ಅದು ಎಷ್ಟು ಹಳೆಯದು?

1699ರ ಬೈಸಾಖಿ ಹಬ್ಬದಂದು ಆನಂದಪುರ ಸಾಹಿಬ್‌ನಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ರಾಯ್ ಐದು ಜನರಿಗೆ ಅಮೃತ ಕೊಟ್ಟು, ಅಂದರೆ ದೀಕ್ಷೆ ಕೊಟ್ಟು, ಖಾಲ್ಸಾ ಪಂಥ ಕಟ್ಟಿದರು. ಆಮೇಲೆ ಆ ಐವರ ಕೈಯಿಂದಲೇ ತಾವೂ ಅಮೃತ ಪಡೆದು ಗೋಬಿಂದ್ ಸಿಂಗ್ ಆದರು. ಆ ಐವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆ ಮತ್ತು ನಮ್ಮ ಬೀದರಿನವರು. ಬೀದರಿನ ಸಾಹಿಬ್ ಚಂದ್ ಕ್ಷೌರಿಕ ಸಮುದಾಯದವರು, ಅವತ್ತಿನಿಂದ ಸಾಹಿಬ್ ಸಿಂಗ್. ಐದು ಊರು, ಐದು ಜಾತಿ, ಎಲ್ಲರ ಹೆಸರಿನ ಕೊನೆಗೂ ಒಂದೇ ಸಿಂಗ್. ಹೆಸರು ಕೇಳಿ ಜಾತಿ ಪತ್ತೆ ಹಚ್ಚುವಂತಾಗಬಾರದು. ಇದಕ್ಕಿಂತ ದೊಡ್ಡ ಉದ್ದೇಶ ಒಂದು ಹೆಸರಿಗೆ ಇರಲು ಸಾಧ್ಯವೇ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಮುಂದೆ ಪಂಜಾಬಿನಲ್ಲಿ ರಣಜಿತ್ ಸಿಂಗ್ ರಾಜ್ಯ ಕಟ್ಟಿದರು, 1849ರಲ್ಲಿ ಅದು ಬ್ರಿಟಿಷರ ಕೈ ಸೇರಿತು. ಈ ಅವಧಿಯುದ್ದಕ್ಕೂ ಸಿಖ್ಖರ ಮತ್ತು ಹಿಂದೂಗಳ ಹೆಸರಿನ ನಡುವೆ ಗೋಡೆ ಇರಲಿಲ್ಲ. ರಾಮ್ ಸಿಂಗ್, ಕಿಶನ್ ಸಿಂಗ್ ಧಾರಾಳವಾಗಿ ಸಿಗುತ್ತಿದ್ದರು. ಭಗತ್ ಸಿಂಗ್ ಅವರ ತಂದೆಯ ಹೆಸರೇ ಕಿಶನ್ ಸಿಂಗ್. 1873ರಲ್ಲಿ ಅಮೃತಸರದಲ್ಲಿ ಸಿಂಗ್ ಸಭಾ ಎಂಬ ಸುಧಾರಣಾ ಸಂಘಟನೆ ಶುರುವಾದ ಮೇಲೆ ‘ನಾವು ಬೇರೆ’ ಎಂಬ ಮಾತು ಗಟ್ಟಿಯಾಯಿತು. ಬ್ರಿಟಿಷ್ ಸೇನೆಗೂ ಅಮೃತ ಪಡೆದ ಖಾಲ್ಸಾ ಸಿಖ್ಖರೇ ಬೇಕಿತ್ತು. ಹೀಗೆ ಧರ್ಮ ಸುಧಾರಣೆ ಮತ್ತು ಸೇನೆಯ ನೇಮಕಾತಿ ಎರಡೂ ಸೇರಿ ಸಿಂಗ್ ಎಂಬ ಹೆಸರನ್ನು ಹಳ್ಳಿಹಳ್ಳಿಗೂ ತಲುಪಿಸಿದವು.

ಸೇನೆ ಇನ್ನೊಂದನ್ನೂ ಕೊಟ್ಟಿತು. ರಣಜಿ ಪಂದ್ಯ ನೋಡುವವರಿಗೆ ದೆಹಲಿಯ ಕರ್ನೈಲ್ ಸಿಂಗ್ ಸ್ಟೇಡಿಯಂ ಗೊತ್ತಿರುತ್ತದೆ, ರೈಲ್ವೇಸ್ ತಂಡದ ಮೈದಾನ ಅದು. 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದಲ್ಲಿ ಜರ್ನೈಲ್ ಸಿಂಗ್ ಇದ್ದರು. ಕರ್ನಲ್, ಜನರಲ್ ಎಂಬ ಹುದ್ದೆಗಳೇ ಪಂಜಾಬಿನ ರೈತರ ಮನೆಗಳಲ್ಲಿ ಮಕ್ಕಳ ಹೆಸರಾಗಿದ್ದವು. ಈಗ ಅವು ಅಪ್ಪಟ ಅಜ್ಜಂದಿರ ಕಾಲದ ಹೆಸರುಗಳು. ಇಟ್ಟಾಗ ಹೊಸ ಫ್ಯಾಷನ್ನೇ ಆಗಿದ್ದವು, ಅಲ್ವಾ?

ಇವತ್ತು ‘ಮಾಡರ್ನ್’ ಅನ್ನಿಸಿಕೊಳ್ಳುವ ಫತೇ, ಜೋರಾವರ್ ಗುರು ಗೋಬಿಂದ್ ಸಿಂಗ್ ಅವರ ಮಕ್ಕಳ ಹೆಸರು. ಕಬೀರರ ರಚನೆಗಳು ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನಲ್ಲೇ ಇವೆ. 1945ರಲ್ಲಿ ಒಪ್ಪಿಗೆಯಾದ ಸಿಖ್ಖರ ನೀತಿಸಂಹಿತೆ ‘ಸಿಖ್ ರೆಹತ್ ಮರ್ಯಾದಾ’ ಕೂಡ ಇಂಥದ್ದೇ ಹೆಸರು ಇಡಿ ಅಂತ ಹೇಳುವುದಿಲ್ಲ. ಗ್ರಂಥ ಸಾಹಿಬ್ ತೆರೆದಾಗ ಬರುವ ಶಬದ್‌ನ (ಪದ್ಯದ) ಮೊದಲ ಅಕ್ಷರದಿಂದ ಹೆಸರು ಶುರುವಾಗಬೇಕು. ಗಂಡಿಗೆ ಸಿಂಗ್, ಹೆಣ್ಣಿಗೆ ಕೌರ್ ಸೇರಬೇಕು. ಅಕ್ಷರ ಗುರುವಿನದು, ಹೆಸರು ಮನೆಯವರು ಆರಿಸಿದ್ದು. ಹಾಗಾಗಿ ಮೊದಲ ಹೆಸರು ಚಿಕ್ಕದಾಯಿತು ಅಂತ ಗಾಬರಿಯಾಗಬೇಕಿಲ್ಲ.

ನಿಜವಾದ ಬದಲಾವಣೆ ಆಗಿರುವುದು ಹೆಸರಿನ ಹಿಂಭಾಗದಲ್ಲಿ. ಊರಿಗೊಬ್ಬ ಗುರ್‌ಪ್ರೀತ್ ಸಿಂಗ್ ಇದ್ದಾಗ ತೊಂದರೆ ಇರಲಿಲ್ಲ. ಕಾಲೇಜು, ಕಚೇರಿ, ಚುನಾವಣೆ ಬಂದಾಗ ಗುರುತು ಹಿಡಿಯಲು ಇನ್ನೊಂದು ಹೆಸರು ಬೇಕಾಯಿತು. ಕೆಲವರು ಊರಿನ ಹೆಸರು ಹಾಕಿಕೊಂಡರು. ಪಂಜಾಬಿನ ರಾಜಕಾರಣಿಗಳಾದ ಪ್ರತಾಪ್ ಸಿಂಗ್ ಕೈರೋಂ, ಹರ್‌ಚಂದ್ ಸಿಂಗ್ ಲೋಂಗೋವಾಲ್, ಪ್ರಕಾಶ್ ಸಿಂಗ್ ಬಾದಲ್, ಎಲ್ಲರದ್ದೂ ಊರಿನ ಹೆಸರೇ. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಜಾಸ್ತಿ ಜನ ಸೇರಿಸಿಕೊಂಡದ್ದು ಗೋತ್ರದ ಹೆಸರು: ಗಿಲ್, ಸಂಧು, ಧಿಲ್ಲೋಂ, ಬೇದಿ, ಸೋಧಿ. 1699ರಲ್ಲಿ ಬಾಗಿಲ ಹೊರಗೆ ಬಿಟ್ಟ ಜಾತಿ ಹೀಗೆ ಮತ್ತೆ ಒಳಗೆ ಬಂತು.

ವಿದೇಶಕ್ಕೆ ಹೋದ ಮೇಲೆ ಇದು ಇನ್ನೂ ಬಲವಾಯಿತು. ಗಂಡ ಸಿಂಗ್, ಹೆಂಡತಿ ಕೌರ್, ಮಗ ಸಿಂಗ್, ಮಗಳು ಕೌರ್. ಒಂದು ಕುಟುಂಬಕ್ಕೆ ಒಂದೇ ಸರ್‌ನೇಮ್ ನೋಡಿ ರೂಢಿಯಿದ್ದ ಕೌಂಟರಿನವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಕೆನಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್‌ನೇಮ್ ಜಾಗದಲ್ಲಿ ಬರೀ ಸಿಂಗ್ ಅಥವಾ ಕೌರ್ ಇದ್ದರೆ ವಲಸೆ ಅರ್ಜಿ ನಡೆಯುವುದಿಲ್ಲ, ಹೆಸರು ಬದಲಿಸಿಕೊಳ್ಳಿ ಎಂಬ ಪತ್ರ ದೆಹಲಿಯ ಅವರ ಕಚೇರಿಯಿಂದ ಅರ್ಜಿದಾರರಿಗೆ ಬರುತ್ತಿತ್ತು. ಒಂದೇ ಹೆಸರಿನವರು ತುಂಬಾ ಜನ, ಕಡತ ಅದಲುಬದಲಾಗುತ್ತದೆ ಎಂಬುದು ಕಾರಣ. ಸುಮಾರು ಹತ್ತು ವರ್ಷ ಇದು ನಡೆಯಿತು. 2007ರಲ್ಲಿ ಸುದ್ದಿಯಾಗಿ, ಸಿಖ್ ಸಂಘಟನೆಗಳು ಪ್ರತಿಭಟಿಸಿದ ಮೇಲೆ ಕೈಬಿಟ್ಟರು. ಯಾರೋ ಕೇಡು ಬಯಸಿ ಮಾಡಿದ್ದಲ್ಲ, ಕಡತ ಸರಿ ಇಡಲು ಮಾಡಿದ ವ್ಯವಸ್ಥೆ. ಆದರೆ ಅಷ್ಟರಲ್ಲಿ ಹೆಸರು ಬದಲಿಸಿಕೊಂಡವರ ಮಕ್ಕಳು ಗೋತ್ರದ ಹೆಸರಿನಲ್ಲೇ ಶಾಲೆ ಸೇರಿಯಾಗಿತ್ತು.

ಬದುಕಲು ಹೆಸರು ಬಗ್ಗಿಸಿಕೊಂಡವರನ್ನು ತೂಗಿ ನೋಡುವುದು ಸರಿಯಲ್ಲ. ಕಳೆದ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದ ಪಂಜಾಬಿಗಳ ಮಕ್ಕಳಿಗೆ ಸ್ಪ್ಯಾನಿಷ್ ಹೆಸರಿನ ಜೊತೆ ಸಿಂಗ್ ಇರುತ್ತಿತ್ತು. ಅಮೆರಿಕದ ರಾಜಕಾರಣಿ ನಿಕ್ಕಿ ಹೇಲಿ ಹುಟ್ಟಿದ್ದು ನಿಮ್ರತಾ ನಿಕ್ಕಿ ರಂಧಾವಾ ಆಗಿ. ಕೆನಡಾದಲ್ಲಿ 2017ರಲ್ಲಿ ನ್ಯೂ ಡೆಮಾಕ್ರಟಿಕ್ ಪಾರ್ಟಿಯ ನಾಯಕರಾದ ಜಗ್ಮೀತ್ ಸಿಂಗ್ ಉಲ್ಟಾ ದಾರಿ ಹಿಡಿದರು. ಜಾತಿ ಸೂಚಿಸುತ್ತದೆ ಎಂದು ಸಾರ್ವಜನಿಕ ಬದುಕಿನಲ್ಲಿ ಧಾಲಿವಾಲ್ ಎಂಬುದನ್ನು ಬಿಟ್ಟರು.

ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡದ್ದು ಕೌರ್. ಈ ಹೆಸರು ಮನೆಮನೆಗೂ ತಲುಪಲು 20ನೇ ಶತಮಾನದವರೆಗೂ ಸಮಯ ಹಿಡಿದಿತ್ತು. ಕೌರ್ ಆದವಳಿಗೆ ಅಪ್ಪನ ಹೆಸರೂ ಬೇಡ, ಗಂಡನ ಹೆಸರೂ ಬೇಡ. ಈಗ ಎಷ್ಟೋ ದಾಖಲೆಗಳಲ್ಲಿ ಅದು ನಡುವಿನ ‘ಕೆ’ ಅಕ್ಷರ ಮಾತ್ರ. ಜಸ್‌ಲೀನ್ ಕೆ. ಗಿಲ್ ಮದುವೆಯಾದ ಮೇಲೆ ಜಸ್‌ಲೀನ್ ಕೆ. ಸಂಧು ಆಗಲು ಮತ್ತೆ ಅರ್ಜಿ ತುಂಬುತ್ತಾಳೆ. ಜಸ್‌ಲೀನ್ ಕೌರ್ ಅಂತಲೇ ಉಳಿದಿದ್ದರೆ ಆ ಅರ್ಜಿ ಬೇಕಿರಲಿಲ್ಲ.